ಬಾಣಂತನಕ್ಕೆ ಬಿದ್ದ ತೆರಿಗೆ

ಬೆಳಗಿನಿಂದ ಪಕ್ಕದ ಮನೆಯ ಬಚ್ಚಲ ಹೊಗೆ ನಮ್ಮ ಅಂಗಳಕ್ಕೆ ಬರುತ್ತಿದೆ. ಅವರ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಹಂಡೆಯ ಬಿಸಿನೀರು, ಎಣ್ಣೆ, ಅರಿಸಿನ ಎಲ್ಲ ಸೇರಿದ ಆ ವಾಸನೆ ಬಂದರೆ ಬೇರೆಯವರಿಗೆ ಎಳೆಮಗು ನೆನಪಾದೀತು. ನನಗೆ ನೆನಪಾಗುವುದು ಆದಾಯ ತೆರಿಗೆ. ನಗಬೇಡಿ, ಕಾರಣ ಹೇಳುತ್ತೇನೆ.

ಹೊಸ ಶತಮಾನ ಶುರುವಾಗಿ ಐದಾರು ವರ್ಷ ಆಗಿತ್ತು. ಮದುವೆಯಾಗಿ ಮಸ್ಕತ್ತಿಗೆ ಹೋಗಿದ್ದ ನಾನು ಅಲ್ಲಿ ಮನೆಯಲ್ಲೇ ಕೂತು ಇಂಗ್ಲೆಂಡಿನ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಿದ್ದೆ. ಆ ದೇಶದ ಡಾಕ್ಟರರು ತಮ್ಮ ರೋಗಿಗಳ ಬಗ್ಗೆ ಆಡಿದ ಮಾತು ಇಂಟರ್ನೆಟ್ಟಿನಲ್ಲಿ ಬರುತ್ತಿತ್ತು. ಕೇಳಿಸಿಕೊಂಡು ಟೈಪು ಮಾಡಿ ಕಳಿಸಬೇಕು. ಸಂಬಳ ಮಸ್ಕತ್ತಿನ ಬ್ಯಾಂಕಿಗೆ. ಅಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ. ಹಾಗಾಗಿ ತೆರಿಗೆ ಎನ್ನುವುದು ಬೇರೆಯವರ ಮನೆಯ ಕಾಯಿಲೆ ಎಂದುಕೊಂಡು ಹಾಯಾಗಿದ್ದೆ.

ಚೊಚ್ಚಲ ಹೆರಿಗೆಗೆ ಹೊನ್ನಾವರದ ತವರಿಗೆ ಬರುವಾಗ ಕೆಲಸವನ್ನೂ ಹೊತ್ತು ತಂದೆ. ಬಾಣಂತಿ ಕಂಪ್ಯೂಟರಿನ ಮುಂದೆ ಕೂರುವುದು ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಸುತಾರಾಂ ಒಪ್ಪಿಗೆಯಿರಲಿಲ್ಲ. ಹೆಡ್‌ಫೋನ್ ನೋಡಿದ ಮೇಲೆ ಮಾತ್ರ ಮೆತ್ತಗಾದಳು. "ಕಿವಿಗೆ ಗಾಳಿ ಹೋಗೂದಿಲ್ಲ, ಅಡ್ಡಿಲ್ಲ" ಎಂದು, ಹತ್ತಿ ತುರುಕಿದ ನನ್ನ ಕಿವಿಗಳ ಮೇಲೆ ತಾನೇ ಅದನ್ನು ಸಿಕ್ಕಿಸುತ್ತಿದ್ದಳು. ಹತ್ತಿಯ ಆಚೆಯಿಂದ ಡಾಕ್ಟರರು ಏನು ಹೇಳಿದರೋ, ನಾನೇನು ಟೈಪು ಮಾಡಿದೆನೋ, ಆ ರೋಗಿಗಳನ್ನು ದೇವರೇ ಕಾಪಾಡಿರಬೇಕು.

ಮಗುವಿಗೆ ಮೂರು ತಿಂಗಳಾಗುತ್ತಲೇ ಹೊರಡುವವಳಿದ್ದೆ. ಆಯಿ ಬಿಡಬೇಕಲ್ಲ! ಮೊದಲು ಕುತ್ತಿಗೆ ನಿಲ್ಲಲಿ ಎಂದಳು. ನಿಂತಿತು. ಮಗುಚಿಕೊಳ್ಳಲಿ ಎಂದಳು. ಮಗುಚಿಕೊಂಡಿತು. ಇಷ್ಟಾದ ಮೇಲೆ ಅನ್ನ ಉಣ್ಣಿಸಿಯೇ ಹೋಗು ಎಂದಳು. ನನಗೂ ಹೋಗುವ ಮನಸ್ಸೇನೂ ಇರಲಿಲ್ಲವೆನ್ನಿ. ಟಿಕೆಟ್ಟನ್ನು ಮತ್ತೊಮ್ಮೆ ಮುಂದೆ ಹಾಕಿಸಲು ಭಟ್ಕಳಕ್ಕೆ ಹೋದಾಗ, ಅರ್ಧ ಊರನ್ನೇ ಗಲ್ಫಿಗೆ ಹತ್ತಿಸಿದ್ದ ಹಿರಿಯ ಟ್ರಾವೆಲ್ ಏಜೆಂಟರೊಬ್ಬರು ನನ್ನ ಪಾಸ್‌ಪೋರ್ಟ್ ತಿರುವಿ ನೋಡಿದರು.

"ಇಲ್ಲಿಗೆ ಬಂದು ಅರ್ಧ ವರ್ಷ ದಾಟಿತಲ್ಲ ಬೆಹನ್. ಇನ್ನು ಅಲ್ಲಿ ದುಡಿದದ್ದಕ್ಕೂ ಇಲ್ಲಿ ಟ್ಯಾಕ್ಸ್ ಬೀಳ್ತದೆ. ಆಡಿಟರ್ ಹತ್ರ ಕೇಳಿ" ಎಂದರು.

ಬಸ್ಸಿನಲ್ಲಿ ಮನೆಗೆ ಬರುವಾಗಲೇ ವಿಮಾನ ನಿಲ್ದಾಣದಲ್ಲಿ ಯಾರೋ ಪಾಸ್‌ಪೋರ್ಟ್ ಕಿತ್ತುಕೊಂಡು, ಗಂಡ ಆಚೆ, ನಾನೂ ಮಗುವೂ ಈಚೆ ಉಳಿದದ್ದು ಕಣ್ಣಿಗೆ ಕಟ್ಟತೊಡಗಿತು. ಬಾಯಿ ಮುಚ್ಚಿಕೊಂಡಿರದೆ ಆಯಿಗೂ ಹೇಳಿಬಿಟ್ಟೆ. ಮರುದಿನದಿಂದ ಅಂಗಳದಲ್ಲಿ ಮಗುವಿನ ಬಟ್ಟೆ ಒಣಗಿಸುವುದು ನಿಂತಿತು. ಕರೆಂಟಿನ ಮೀಟರ್ ನೋಡಲು ಬಂದವನಿಗೆ, ಅವನು ಏನೂ ಕೇಳದಿದ್ದರೂ, "ಮಗಳು ಇಲ್ಲಿಲ್ಲ, ಮಸ್ಕತ್ತಲ್ಲಿ ಇದ್ದಾಳೆ" ಎಂದಳು. ಒಳಗೆ ಮಗು ಕಿರುಚುತ್ತಿತ್ತು. ಅವನು ಒಮ್ಮೆ ಆಯಿಯ ಮುಖ ನೋಡಿ, ಬರೆದುಕೊಂಡು ಹೋದ. ಈಗ ನಗು ಬರುತ್ತದೆ. ಆಗ ನಾನು ಬಾಗಿಲ ಸಂದಿಯಲ್ಲಿ ನಿಂತು, ಅವನು ಗೇಟು ದಾಟುವವರೆಗೂ ನೋಡುತ್ತಿದ್ದೆ.

ಕೊನೆಗೆ ಕುಮಟೆಯ ಆಡಿಟರರ ಬಳಿ ಹೋದೆ. ಮಗುವನ್ನೆತ್ತಿಕೊಂಡು ಆಯಿಯೂ ಬಂದಳು.

"ಹೆದರೂದು ಎಂತಕ್ಕೆ? ಕದ್ದದ್ದಲ್ಲ, ದುಡಿದದ್ದು" ಎಂದರು ಆಡಿಟರರು. "ಈ ವರ್ಷ ನೀವು ಇಲ್ಲೇ ಇರುವವರ ಲೆಕ್ಕಕ್ಕೆ ಬಂದ್ರಿ. ಅಲ್ಲಿಯ ಸಂಬಳ ತೋರಿಸಿ, ಆಗುವ ತೆರಿಗೆ ಕಟ್ಟಿ. ಆತು. ಯಾರೂ ಹಿಡಿಯೂದಿಲ್ಲ."

ಆಯಿಗೆ ಆತಂಕ ಇಳಿಯಲಿಲ್ಲ. "ನಾ ಇಟ್ಕಂಡದ್ದಕ್ಕೆ ಇವಳಿಗೆ ದಂಡವಾ?"

"ದಂಡ ಅಲ್ಲ ಅಮ್ಮಾ, ತೆರಿಗೆ."

ಈ ಎರಡರ ನಡುವಿನ ವ್ಯತ್ಯಾಸ ಆಯಿಗೆ ಕೊನೆಗೂ ತಿಳಿಯಲಿಲ್ಲ. ನಾನು ತೆರಿಗೆ ಕಟ್ಟಿದೆ, ವಿಮಾನ ಹತ್ತಿದೆ, ಯಾರೂ ತಡೆಯಲಿಲ್ಲ. ನನ್ನ ಹೆದರಿಕೆ ಅಲ್ಲಿಗೆ ಮುಗಿಯಿತು.

ಅವಳದು ಮುಗಿದಿರಲಿಲ್ಲ ಎಂದು ಗೊತ್ತಾದದ್ದು ಎರಡನೆಯ ಬಾಣಂತನದಲ್ಲಿ. ನೀರೆರೆದಳು, ಮದ್ದು ಅರೆದಳು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೆ ಮಗುವಿನ ಕುತ್ತಿಗೆ ಇನ್ನೂ ನಿಲ್ಲುವ ಮೊದಲೇ "ಹೊರಡು ಮಗಾ" ಎಂದಳು. ಇನ್ನೂ ಬೇಕಾದಷ್ಟು ದಿನ ಇದೆ, ಅರ್ಧ ವರ್ಷ ದಾಟಿದರೆ ತೆರಿಗೆ ಕಟ್ಟಿದರಾಯಿತು ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

"ಬ್ಯಾಡ. ನನ್ನ ಆಸೆಗೆ ನಿನ್ನ ಸಿಕ್ಕಿಸೂದು ಬ್ಯಾಡ."

ನಾನು ಕಾರು ಹತ್ತುವಾಗ ಅವಳು ಅಳಲೂ ಇಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಮೇಲೆ ಪ್ರತಿ ಸಲ ಊರಿಗೆ ಬಂದಾಗಲೂ, ಕೈಗೆ ನೀರು ಕೊಡುವ ಮೊದಲೇ, ಹೋಗುವುದು ಯಾವಾಗ ಎಂದು ಕೇಳುತ್ತಿದ್ದಳು. ಹೀಗೆ ಎಷ್ಟು ವರ್ಷ ಕಳೆದವೋ.

ಈಗ ಆಯಿ ಹಾಸಿಗೆ ಹಿಡಿದಿದ್ದಾಳೆ. ಅಣ್ಣ ಅತ್ತಿಗೆಯರ ಜೊತೆ ನಾನೂ ನೋಡಿಕೊಳ್ಳೋಣವೆಂದು ಬಂದಿದ್ದೇನೆ. ಇವತ್ತು ಗಂಜಿ ಕುಡಿಸುವಾಗ ಮೆಲ್ಲಗೆ ಕೇಳಿದಳು: "ದಿನ ಮೀರ್ತಾ ಬಂತಾ ಮಗಾ? ಹೋಗು."

"ಈ ವರ್ಷ ನಾ ಇಲ್ಲಿಯವಳೇ ಅಂತ ಬರೆಸ್ತೆ ಆಯಿ" ಎಂದೆ.

ಕಣ್ಣು ಮುಚ್ಚಿಕೊಂಡೇ ನಕ್ಕಳು. ನಾನು ಬಂದು ಎರಡು ತಿಂಗಳೂ ಆಗಿಲ್ಲ. ನಿನ್ನೆ ಡಾಕ್ಟರರು ನನ್ನನ್ನು ಹೊರಗೆ ಕರೆದು, ಬಹಳ ದೂರದ ಯೋಚನೆ ಬೇಡ ಎಂದಿದ್ದಾರೆ. ತೆರಿಗೆ ಬೀಳುವಷ್ಟು ದಿನ ಆಯಿ ನನ್ನನ್ನು ಇಲ್ಲಿ ಇಟ್ಟುಕೊಂಡಾಳೇ ಎಂಬುದೊಂದೇ ಈಗ ನನ್ನ ಹೆದರಿಕೆ.