ಬಿಲ್ಡರ್ ಕಳಿಸಿದ ವಕೀಲರು

ಎಪ್ಪತ್ತರ ದಶಕದ ಕೊನೆಯಲ್ಲಿ ಅಪ್ಪ ಎನ್.ಆರ್. ಕಾಲೋನಿಯಲ್ಲಿ ಹೊಸ ಮನೆ ಕೊಳ್ಳುವಾಗ, ಪತ್ರಗಳ ಕೆಲಸಕ್ಕೆ ಬಿಲ್ಡರೇ ಒಬ್ಬ ವಕೀಲರನ್ನು ಕಳಿಸಿದ್ದರು. ಮೆತ್ತಗಿನ ಮನುಷ್ಯ. ಚಪ್ಪಲಿ ಜೋಡಿಸಿಟ್ಟು ಒಳಗೆ ಬರುತ್ತಿದ್ದರು. ಪ್ರತಿ ಹಾಳೆಯನ್ನೂ ಅಂಗೈಯಿಂದ ಸವರಿ, “ನಾನಿದೀನಲ್ಲ ರಾಯರೇ” ಎನ್ನುತ್ತಿದ್ದರು.

“ನಮ್ಮ ಕಡೆಯಿಂದ ಒಬ್ರು ಲಾಯರ್‌ಗೂ ತೋರ್ಸಿದ್ರೆ ಆಗಲ್ವೇನ್ರೀ?” ಎಂದಳು ಅಮ್ಮ.

“ನಮ್ಮನೇಲಿ ಊಟ ಮಾಡಿದೋರು ಕಣೇ. ಬೇಜಾರು ಮಾಡ್ಕೊಳಲ್ವಾ?” ಅಪ್ಪನಿಗೆ ದಾಕ್ಷಿಣ್ಯ. ಗೃಹಪ್ರವೇಶದ ಮುಹೂರ್ತವೂ ಹತ್ತಿರವಿತ್ತು.

ನಾವು ಆ ಮನೆಗೆ ಹೋಗಿ ವರ್ಷ ತುಂಬಿರಲಿಲ್ಲ. ಜಾಗದ ಹಳೆಯ ಮಾಲೀಕರ ತಂಗಿ, ತನ್ನ ಸಹಿಯಿಲ್ಲದೆ ಅಣ್ಣ ತನ್ನ ಪಾಲನ್ನೂ ಬಿಲ್ಡರ್‌ಗೆ ಮಾರಿದ್ದಾರೆಂದು ಎಲ್ಲರ ಮೇಲೆ ದಾವೆ ಹೂಡಿದರು. ಕೋರ್ಟಿಗೆ ಹೋದಾಗ ಅದೇ ವಕೀಲರು ಬಿಲ್ಡರ್ ಪಕ್ಕದಲ್ಲಿದ್ದರು.

“ತಂಗಿ ಇರೋದು ನಿಮಗೆ ಗೊತ್ತಿತ್ತಾ?” ಅಪ್ಪ ಕೇಳಿದರು.

“ಗೊತ್ತಿತ್ತು ರಾಯರೇ.”

“ನಮಗೆ ಹೇಳ್ಲೇ ಇಲ್ವಲ್ಲ.”

“ನಾನು ಬಿಲ್ಡರ್ ವಕೀಲ ಅಲ್ವಾ?”

ಅಪ್ಪ ಪಕ್ಕದ ಮೇಜಿನ ಅಂಚು ಹಿಡಿದುಕೊಂಡರು. ವಕೀಲರು ತಮ್ಮ ಕುರ್ಚಿಯನ್ನೇ ಎಳೆದು, ತೋಳು ಹಿಡಿದು ಅವರನ್ನು ಕೂರಿಸಿದರು. ನಂತರ ನಮ್ಮ ಕೇಸು ಕೂಗಿದಾಗ ನ್ಯಾಯಾಧೀಶರ ಕಡೆ ತಿರುಗಿ, ಕೊಳ್ಳುವವರು ಮೊದಲೇ ತಮ್ಮ ಸ್ವಂತ ವಕೀಲರಿಂದ ಪತ್ರ ಓದಿಸಿಕೊಳ್ಳಬೇಕಿತ್ತು ಎಂದು ಅಷ್ಟೇ ಮೆತ್ತಗೆ ವಾದಿಸಿದರು.