ಏಳನೆಯ ನಂಬರಿನ ಹೆಸರು

ತನ್ನ ಹೆಸರು ಅಚ್ಚಾದ ಕ್ಯಾಲೆಂಡರನ್ನು ಒಬ್ಬ ಮನುಷ್ಯ ಪ್ರತಿ ವರ್ಷವೂ ಹಿಂದಿರುಗಿಸುವುದೇಕೆ?

ಶಿವಕಾಶಿಯ ಮುತ್ತುಮಾಲೈ ಆಫ್‌ಸೆಟ್‌ನಲ್ಲಿ ದೀಪಾವಳಿಯ ಬೋನಸಿನ ಜೊತೆಗೆ ಎಲ್ಲ ಕೆಲಸಗಾರರಿಗೂ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಕೊಡುವುದು ರೂಢಿ. ದೇವರ ಚಿತ್ರದ ಕೆಳಗೆ, ಅಂಗಡಿಯ ಹೆಸರು ಬರಬೇಕಾದ ಪಟ್ಟಿಯಲ್ಲಿ, ಆಯಾ ಕೆಲಸಗಾರನ ಹೆಸರೇ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಹಾಳೆ ಕತ್ತರಿಸುವವರಿಂದ ಹಿಡಿದು ಲೆಕ್ಕ ಬರೆಯುವವರ ತನಕ ಎಲ್ಲರೂ ಅದನ್ನು ಮನೆಯ ಎದುರುಗೋಡೆಗೇ ತೂಗುಹಾಕುತ್ತಿದ್ದರು. ಗುರುಸಾಮಿ ಮಾತ್ರ ಸುರುಳಿಯನ್ನು ಬಿಚ್ಚಿಯೂ ನೋಡದೆ ಮೇಜಿನ ಮೇಲಿಟ್ಟು, “ಪಟ್ಟಿ ಖಾಲಿ ಇರೋದು ಒಂದು ಕೊಡಿ” ಎನ್ನುತ್ತಿದ್ದ. ದೇವರ ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದ ಸೆಲ್ವಕನಿ ಇದರ ಕಾರಣವನ್ನು ಬಹಳ ಕಾಲ ಹುಡುಕಿದಳು. ಜಿಪುಣತನವಲ್ಲ, ನಾಸ್ತಿಕತನವಲ್ಲ, ಸಂಕೋಚವೂ ಅಲ್ಲ. ಒಂದೊಂದನ್ನೇ ತಳ್ಳಿಹಾಕುತ್ತ ಹೋದರೆ ಕೊನೆಗೆ ಸರಿಯುತ್ತರವೇ ಉಳಿಯಬೇಕು. ಇಲ್ಲಿ ಏನೂ ಉಳಿಯಲಿಲ್ಲ.

ಗುರುಸಾಮಿ ಚಿಕ್ಕವನಿದ್ದಾಗಲೇ ಹಾಳೆ ಜೋಡಿಸುವ ಕೆಲಸಕ್ಕೆ ಆ ಪ್ರೆಸ್ಸಿಗೆ ಬಂದವನು. ಮುಂದೆ ಕತ್ತಲೆ ಕೋಣೆಯಲ್ಲಿ ನೆಗೆಟಿವ್ ತೊಳೆದ. ದೊಡ್ಡ ಕ್ಯಾಮೆರಾವನ್ನು ಗುಜರಿಗೆ ಹಾಕಿ ಕಂಪ್ಯೂಟರ್ ತಂದ ವರ್ಷ, ಅದರ ತಂತಿಗಳ ಹಿಂದೆ ತೂರಿಕೊಂಡವನು ಮತ್ತೆ ಹೊರಗೆ ಬರಲಿಲ್ಲ. ಅವನು ಕುಳಿತದ್ದನ್ನು ಕಂಡವರು ಕಡಿಮೆ. ಊಟವನ್ನೂ ಕಿಟಕಿಯ ಬಳಿ ನಿಂತೇ ಮಾಡುತ್ತಿದ್ದ. ಒಂದು ಕೈ ಸದಾ ಜೇಬಿನ ಬೀಗದಕೈಗಳನ್ನು ಅಲುಗಾಡಿಸುತ್ತಿದ್ದುದರಿಂದ ಅವನು ಬರುವ ಮೊದಲೇ ಅವನ ಸದ್ದು ಬರುತ್ತಿತ್ತು.

ಬಣ್ಣದ ಕೋಣೆಯ ಕಂಪ್ಯೂಟರುಗಳೆಲ್ಲ ವಿಂಡೋಸ್‌ನವು. ಚಿತ್ರಗಳನ್ನು ಕೂಡಿಡುವ ಸರ್ವರ್ ಲಿನಕ್ಸ್‌ನದು, ಹಿತ್ತಲ ಕಡೆ ಅಚ್ಚಿನ ಪ್ಲೇಟ್ ತಯಾರಿಸುವ ಕೋಣೆಯ ಸರ್ವರೂ ಹಾಗೆಯೇ. ಬಣ್ಣದ ಕೋಣೆಯಲ್ಲಿ ಮನುಷ್ಯನಿಗೆ ಹೆಸರಿರುತ್ತದೆ. ಗೋಡೆಯಾಚೆ ಹೋದೊಡನೆ ಅವನು ಬರೀ ಒಂದು ನಂಬರು. ಚಿತ್ರ ತನ್ನ ಜೊತೆಗೆ ಒಡೆಯನ ನಂಬರನ್ನಷ್ಟೇ ಹೊತ್ತು ತಿರುಗುತ್ತದೆ. ಯಾವ ಹೆಸರಿಗೆ ಯಾವ ನಂಬರು ಎಂದು ಎರಡೂ ಕಡೆ ಹೊಂದಿಸಿಡುವುದು ಗುರುಸಾಮಿಯ ಕೆಲಸ. ಒಬ್ಬರ ಚಿತ್ರವನ್ನು ಇನ್ನೊಬ್ಬರು ತೆರೆದು ನೋಡಬಹುದಿತ್ತು, ತಿದ್ದಲು ಯಂತ್ರ ಬಿಡುತ್ತಿರಲಿಲ್ಲ.

ಒಂದು ವರ್ಷ ತಮಿಳರ ಆನಿ ತಿಂಗಳಲ್ಲಿ ಚಿತ್ರಗಳ ಸರ್ವರ್ ಸುಟ್ಟುಹೋಯಿತು. ಮುಂದಿನ ಆಡಿ ತಿಂಗಳ ಹದಿನೆಂಟಕ್ಕೆ ಹೊಸ ವರ್ಷದ ಕ್ಯಾಲೆಂಡರುಗಳ ಮಾದರಿ ಆಲ್ಬಮ್ ಏಜೆಂಟರ ಕೈಸೇರಬೇಕು. ಇಡೀ ವರ್ಷದ ಅನ್ನ ಆ ಒಂದು ದಿನದ ಮೇಲೆ ನಿಂತಿರುತ್ತದೆ. ಗುರುಸಾಮಿ ಅವಸರದಲ್ಲಿ ಹೊಸ ಯಂತ್ರ ಕೂರಿಸಿ, ಬೇರೆ ಕಡೆ ತೆಗೆದಿಟ್ಟಿದ್ದ ಹಳೆಯ ಚಿತ್ರಗಳನ್ನು ಅದಕ್ಕೆ ತುಂಬಿದ. ಎರಡು ದಿನ ಕಳೆದ ಮೇಲೆ ಸೆಲ್ವಕನಿ, ತಾನು ಮುಗಿಸಿದ್ದ ಲಕ್ಷ್ಮಿಯ ಸೆರಗಿಗೆ ಇನ್ನಷ್ಟು ಜರಿ ಸೇರಿಸಲು ಹೋದರೆ ಯಂತ್ರ ಒಪ್ಪಲಿಲ್ಲ ಎಂದು ಬಂದು ಹೇಳಿದಳು. “ಹೊಸ ಮಷಿನ್ ಕನಿ, ನಾಲ್ಕು ದಿನ ಮೊಂಡಾಟ ಮಾಡುತ್ತೆ. ಇದ್ದದ್ದೇ ಚೆನ್ನಾಗಿದೆ, ಬಿಡು” ಎಂದು ಅವನು ಬೀಗದಕೈ ಆಡಿಸುತ್ತ ಹೊರಟುಹೋದ.

ಅದೇ ವಾರ ಲಕ್ಷ್ಮಿಯ ಹಾಳೆಗಳು ಅಚ್ಚಾಗಿ ಬಂದವು. ಎಲ್ಲವೂ ಸರಿಯಾಗಿತ್ತು: ಕಮಲ, ಆನೆ, ಸುರಿಯುವ ನಾಣ್ಯ. ದೇವಿಯ ಹಣೆಯಲ್ಲಿ ಮಾತ್ರ ಕುಂಕುಮವಿರಲಿಲ್ಲ.

ಮಾಲೀಕ ತವಮಣಿ ಅಣ್ಣಾಚಿ ಹಾಳೆಯನ್ನು ಮಗುಚಿಟ್ಟು ಪ್ಲೇಟ್ ಕೋಣೆಗೆ ಬಂದರು. “ಇದನ್ನ ಕೊನೇಲಿ ಮುಟ್ಟಿದ್ದು ಯಾರು ನೋಡಪ್ಪಾ ಗುರುಸಾಮಿ.”

ಗುರುಸಾಮಿ ಬಗ್ಗಿ ಪರದೆ ನೋಡಿದ. “ಸೆಲ್ವಕನಿ ಅಂತ ತೋರಿಸ್ತಿದೆ ಅಣ್ಣಾಚಿ.”

ಸೆಲ್ವಕನಿಯ ಗಂಡ ತೀರಿಹೋಗಿ ಆಗ ಎರಡನೆಯ ವರ್ಷ. ಸಂಜೆಯೊಳಗೆ ಬೈಂಡಿಂಗ್ ಮಾಡುವ ಹೆಂಗಸರ ನಡುವಿನಿಂದ ಒಂದು ದನಿ, ಅವಳಿಗೆ ಕೇಳಲೆಂದೇ, ತೇಲಿಬಂತು: “ತನ್ನ ಹಣೇಲಿಲ್ಲ, ದೇವಿ ಹಣೇಲಿ ಮಾತ್ರ ಯಾಕಿರ್ಬೇಕು ಅನ್ನಿಸಿರುತ್ತೆ.” ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳು ಜಗಳವಾಡಬಹುದಿತ್ತು.

ಅಣ್ಣಾಚಿ ಗದರಲಿಲ್ಲ. “ಬೇಕಂತ ಮಾಡಿದೆ ಅಂತ ನಾನು ಹೇಳಲ್ಲ ತಾಯಿ, ಕೈ ಜಾರಿರ್ಬಹುದು. ಆದ್ರೆ ಈ ಸುದ್ದಿ ಏಜೆಂಟರ ಕಿವಿಗೆ ಬಿದ್ರೆ, ನೀನು ಮುಟ್ಟಿದ ಚಿತ್ರ ಅಂದ ಕೂಡ್ಲೇ ಪುಟ ತಿರುಗಿಸ್ತಾರೆ. ಇನ್ಮೇಲೆ ದೇವರು ಬೇಡ. ಬೆಂಕಿಪೊಟ್ಟಣದ ಲೇಬಲ್ ನೋಡ್ಕೋ.”

“ನಾನು ಮಾಡಿಲ್ಲ ಅಣ್ಣಾಚಿ.”

“ಮಷಿನ್ ನಿನ್ನ ಹೆಸರೇ ಹೇಳ್ತಿದೆಯಲ್ಲಮ್ಮಾ. ಅದಕ್ಕೆ ನಿನ್ನ ಮೇಲೆ ಏನು ಹಗೆ?”

ಬೆಂಕಿಪೊಟ್ಟಣದ ಲೇಬಲಿನ ಸಂಬಳಕ್ಕೂ ದೇವರ ಚಿತ್ರದ ಸಂಬಳಕ್ಕೂ ಇದ್ದ ಅಂತರ ಅವಳನ್ನು ಅಷ್ಟು ಕಾಡಲಿಲ್ಲ. ಆದರೆ ಈ ಊರಲ್ಲಿ ಬಣ್ಣದ ಕೆಲಸದವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಅಪಶಕುನದ ಕೈ ಎಂಬ ಮಾತು ಒಮ್ಮೆ ಅಂಟಿದರೆ ಯಾವ ಪ್ರೆಸ್ಸಿನಲ್ಲೂ ಯಾವ ದೇವರೂ ಅವಳ ಪರದೆಯ ಮೇಲೆ ಮತ್ತೆ ಬರಲಾರದು.

ಮರುದಿನ ಟೀ ಅಂಗಡಿಯ ಬಳಿ ಅವಳು ಗುರುಸಾಮಿಯನ್ನು ತಡೆದಳು. “ಅಣ್ಣಾ, ಲಕ್ಷ್ಮಿ ಚಿತ್ರ ಸೇವ್ ಆಗ್ತಿಲ್ಲ ಅಂತ ನಿಮ್ಮ ಹತ್ರಾನೇ ಹೇಳಿದ್ನಲ್ಲ? ನನಗೇ ಬಾಗಿಲು ತೆಗೀದಿರೋ ಮನೆಗೆ ನಾನು ನುಗ್ಗಿ ಕದ್ದಿದ್ದು ಹೇಗೆ?”

ಬೀಗದಕೈಗಳ ಸದ್ದು ನಿಂತಿತು. ಗುರುಸಾಮಿ ಕೈಯಲ್ಲಿದ್ದ ಲೋಟವನ್ನು ಕುಡಿಯದೆಯೇ ಕಟ್ಟೆಯ ಮೇಲಿಟ್ಟು ಓಡುನಡಿಗೆಯಲ್ಲಿ ಹೊರಟ. ಟೀಯವನು ಕೂಗಿ ಕೇಳಿದ: “ಸಕ್ಕರೆ ಕಮ್ಮಿಯಾಯ್ತಾ ಅಣ್ಣಾ?”

ಆ ದಿನವೆಲ್ಲ ಅವನು ಎರಡು ಕೋಣೆಗಳ ನಡುವೆ ಅಲೆದ. ಬಣ್ಣದ ಕೋಣೆಗೆ ಬಂದು ಒಬ್ಬೊಬ್ಬರಿಂದಲೂ ಒಂದೊಂದು ಖಾಲಿ ಫೈಲು ಮಾಡಿಸುವುದು, ಹಿತ್ತಲಿಗೆ ಓಡಿ ಅದು ಅಲ್ಲಿ ಯಾರ ಹೆಸರಲ್ಲಿ ಕಾಣುತ್ತದೆಂದು ನೋಡುವುದು, ಮತ್ತೆ ಬರುವುದು. “ಏನಣ್ಣಾ, ಹಾಜರಿ ತಗೋತಿದೀರಾ?” ಎಂದು ಹೊಸದಾಗಿ ಸೇರಿದ್ದ ಎಸಕ್ಕಿಮುತ್ತು ಕೇಳಿದ. ಗುರುಸಾಮಿ ಅವನಿಂದ ಇನ್ನೊಂದು ಫೈಲು ಮಾಡಿಸಿ ಮತ್ತೆ ಹಿತ್ತಲಿಗೆ ಓಡಿದ. ಸೆಲ್ವಕನಿಗೆ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

ಸಂಜೆ ಅವನು ಅಣ್ಣಾಚಿಯನ್ನು ಪ್ಲೇಟ್ ಕೋಣೆಗೆ ಕರೆದೊಯ್ದ. ಸೆಲ್ವಕನಿಯನ್ನು ಅವಳ ಕಂಪ್ಯೂಟರಿನ ಮುಂದೆ ಕೂರಿಸಿ, ನಡುವಿನ ಬಾಗಿಲುಗಳನ್ನು ತೆರೆದಿಟ್ಟು ಕೂಗಿದ. “ಕನಿ, ಒಂದು ಖಾಲಿ ಫೈಲ್ ಹಾಕು.”

ಅವಳು ಹಾಕಿದಳು. ಹಿತ್ತಲಿನಿಂದ ಅಣ್ಣಾಚಿಯ ದನಿ ಕೇಳಿಸಿತು. “ಇದೇನಪ್ಪಾ, ನನ್ನ ಹೆಸರು ಬಂತು. ನಾನೆಲ್ಲಿ ಮಾಡ್ದೆ? ನಿನ್ನ ಪಕ್ಕದಲ್ಲೇ ನಿಂತಿದೀನಲ್ಲ.”

“ಮಷಿನ್ ನಿಮ್ಮ ಹೆಸರೇ ಹೇಳ್ತಿದೆ ಅಣ್ಣಾಚಿ. ಅದಕ್ಕೆ ನಿಮ್ಮ ಮೇಲೆ ಏನು ಹಗೆ?” ಎಂದ ಗುರುಸಾಮಿ.

ಆಮೇಲೆ ಬಿಡಿಸಿ ಹೇಳಿದ. ಹೊಸ ಸರ್ವರ್, ಅದನ್ನು ಕೂರಿಸಿದ ದಿನ ಬೆಳಿಗ್ಗೆ ಯಾರು ಮೊದಲು ಬಂದರೋ ಅವರಿಗೆ ಮೊದಲನೆಯ ನಂಬರು ಎಂದು, ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಕೊಟ್ಟಂತೆ, ಬಂದ ಸರದಿಯಲ್ಲಿ ನಂಬರು ಹಂಚಿಬಿಟ್ಟಿತ್ತು. ಹಳೆಯ ಹಂಚಿಕೆ ಹಳೆಯ ಯಂತ್ರದ ಜೊತೆಗೇ ಸುಟ್ಟುಹೋಗಿತ್ತು, ಆದರೆ ಪ್ಲೇಟ್ ಕೋಣೆಯಲ್ಲಿ ಅದೇ ಉಳಿದಿತ್ತು. ಏಳನೆಯ ನಂಬರು ಅಲ್ಲಿ ಇಂದಿಗೂ ಸೆಲ್ವಕನಿ. ಹೊಸ ಸರ್ವರಿನಲ್ಲಿ ಅವತ್ತು ಏಳನೆಯವರಾಗಿ ಬಂದವರು ಬೇರೆ. ಅವಳ ಹಳೆಯ ಚಿತ್ರಗಳೆಲ್ಲ ಏಳನ್ನೇ ಹೊತ್ತಿದ್ದರಿಂದ ಅವು ಅವಳಿಗೆ ಬಾಗಿಲು ಮುಚ್ಚಿ ಇನ್ನೊಬ್ಬರಿಗೆ ತೆರೆದುಕೊಂಡವು. ಆ ಇನ್ನೊಬ್ಬರು ಮುಖದ ಹೊಳಪಿನ ಬಣ್ಣ ನೋಡಿಕೊಳ್ಳಲೆಂದು ಕುಂಕುಮವನ್ನು ಮರೆಮಾಡಿ, ಯಂತ್ರ ಹೇಗೂ ಬಿಡುವುದಿಲ್ಲವೆಂಬ ಧೈರ್ಯದಲ್ಲಿ ಸೇವ್ ಒತ್ತಿದ್ದರು. ಯಂತ್ರ ಬಿಟ್ಟಿತು.

“ಯಾರು ಆ ಏಳನೆಯವನು?” ಎಂದರು ಅಣ್ಣಾಚಿ.

ಬಣ್ಣದ ಕೋಣೆಯ ಬಾಗಿಲ ಬಳಿ ನಿಂತಿದ್ದ ಎಸಕ್ಕಿಮುತ್ತುವಿನ ಮುಖ ಬಿಳುಪೇರಿತು. ಸೆಲ್ವಕನಿ ಅದನ್ನು ಕಂಡಳು.

“ನಂಬರ್ ಹೊಂದಿಸ್ಬೇಕಾಗಿದ್ದವನು ನಾನು. ಕನಿ ಬಂದು ಹೇಳಿದಾಗ್ಲೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅವಳ ಹೆಸರು ಓದಿದ್ದೂ ನಾನೇ. ಹೆಸರು ಬೇಕೇ ಬೇಕು ಅಂದ್ರೆ ಗುರುಸಾಮಿ ಅಂತ ಬರ್ಕೊಳ್ಳಿ.”

ಅಣ್ಣಾಚಿ ಬಹಳ ಹೊತ್ತು ಬೈದರು, ಕೊನೆಗೆ ಬೈಂಡಿಂಗ್ ಹೆಂಗಸರನ್ನೆಲ್ಲ ಕರೆಸಿ ಅವರ ಮುಂದೆಯೇ ಗುರುಸಾಮಿಯಿಂದ ಇನ್ನೊಮ್ಮೆ ಹೇಳಿಸಿದರು. ಲಕ್ಷ್ಮಿಗೆ ಕುಂಕುಮವನ್ನು ಸೆಲ್ವಕನಿಯೇ ಮತ್ತೆ ಇಟ್ಟಳು. ಆಡಿ ಹದಿನೆಂಟರಂದು ಏಜೆಂಟರು ಆ ಪುಟದಲ್ಲಿ ನಿಂತು ಆರ್ಡರ್ ಬರೆಸಿದರು.

ಮುಗಿಯಬೇಕಾದದ್ದು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಗುರುಸಾಮಿಗೆ ನೆಮ್ಮದಿ ಬರಲಿಲ್ಲ. ಎರಡೂ ಕಡೆ ಒಬ್ಬೊಬ್ಬರಿಗೂ ಒಂದೇ ನಂಬರನ್ನು ತಾನೇ ಕೂತು ಕಟ್ಟಿಹಾಕಿದ. ಕೆಲಸ ಬಿಟ್ಟವರ ನಂಬರನ್ನು ಹೊಸಬರಿಗೆ ಎಂದೂ ಕೊಡಲಿಲ್ಲ. ಹಾಗಿದ್ದೂ ಪ್ರತಿದಿನ ಬೆಳಿಗ್ಗೆ ಬಂದು ಎಲ್ಲರಿಂದಲೂ ಖಾಲಿ ಫೈಲು ಮಾಡಿಸಿ ಹಿತ್ತಲಿಗೆ ಓಡುತ್ತಿದ್ದ. ವರ್ಷಗಟ್ಟಲೆ ಒಂದು ದಿನವೂ ತಪ್ಪು ಸಿಗಲಿಲ್ಲ. ಇಷ್ಟು ಸಲ ಸರಿಬಂದದ್ದನ್ನು ನಂಬಬಹುದಲ್ಲ ಎಂದು ಸೆಲ್ವಕನಿ ಒಮ್ಮೆ ಕೇಳಿದಳು.

“ಕೆಲಸ ಒಬ್ಬನದು, ಹೆಸರು ಇನ್ನೊಬ್ಬನದು ಆದ್ರೆ ಹೇಗಿರುತ್ತೆ ಅಂತ ನನಗೆ ಗೊತ್ತು ಕನಿ” ಎಂದ. ಆ ದೀಪಾವಳಿಗೂ ಪಟ್ಟಿ ಖಾಲಿಯಿದ್ದ ಕ್ಯಾಲೆಂಡರನ್ನೇ ಕೇಳಿ ಪಡೆದ.

ಅವನು ತೀರಿಕೊಂಡದ್ದು ಒಂದು ಮಾಸಿ ತಿಂಗಳಲ್ಲಿ, ತಿರುತಂಗಲ್‌ನ ಮನೆಯಲ್ಲಿ, ಚಪ್ಪಲಿ ಮೆಟ್ಟುತ್ತಿದ್ದಾಗ. ಪ್ರೆಸ್ಸಿನಿಂದ ಎಲ್ಲರೂ ಹೋದರು. ಎಸಕ್ಕಿಮುತ್ತು ಚಟ್ಟಕ್ಕೆ ಹೆಗಲು ಕೊಡಲು ಮೊದಲೇ ಮುಂದೆ ನಿಂತಿದ್ದ. ಚಪ್ಪರದ ಕೆಳಗೆ ಹೆಂಗಸರು ಒಬ್ಬರ ಹೆಗಲನ್ನೊಬ್ಬರು ಹಿಡಿದು ಸುತ್ತಾಗಿ ಕೂತು ಒಪ್ಪಾರಿ ಹಾಡಿ ಅಳುತ್ತಿದ್ದರು. ಸಾತ್ತೂರಿನ ಕಡೆಯ ಹಳ್ಳಿಯಿಂದ ಬಂದಿದ್ದ ಅವನ ಸೋದರತ್ತೆ ಎದೆ ಬಡಿದುಕೊಂಡು, “ಸುಡಲೈ, ನನ್ನ ಸುಡಲೈ” ಎಂದು ಬೇರೆ ಯಾರದೋ ಹೆಸರು ಹಿಡಿದು ಕರೆಯುತ್ತಿದ್ದಳು. ಮುದುಕಿಗೆ ದಿಕ್ಕು ತಪ್ಪಿದೆಯೆಂದು ಸೆಲ್ವಕನಿ ಭಾವಿಸಿದಳು. ಹೆಣ ಹೊರಟ ಮೇಲೆ ನೀರು ಕೊಡುತ್ತ ಮೆಲ್ಲಗೆ ಕೇಳಿದಳು. “ಅಜ್ಜೀ, ಸುಡಲೈ ಅಂದ್ರೆ ಯಾರು?”

“ಈಗ ಹೊತ್ಕೊಂಡು ಹೋದ್ರಲ್ಲ, ಅವನೇ ಕಣಮ್ಮಾ. ಸುಡಲೈಮುತ್ತು. ಗುರುಸಾಮಿ ಇವನ ಅಣ್ಣ, ಜ್ವರ ಬಂದು ಹುಡುಗನಾಗಿದ್ದಾಗ್ಲೇ ಹೋದ. ಇವನು ತೀರಾ ಚಿಕ್ಕೋನು, ಪ್ರೆಸ್ಸಲ್ಲಿ ಸೇರಿಸ್ಕೊಳ್ಳಲ್ಲ ಅಂದ್ರು. ಅಣ್ಣನ ಸ್ಕೂಲ್ ಸರ್ಟಿಫಿಕೇಟ್ ಕೊಟ್ಟು ಅವನ ಹೆಸರಲ್ಲೇ ಸೇರಿಸಿದ್ವಿ. ಕ್ಯಾಲೆಂಡರಲ್ಲಿ ಸತ್ತ ಮಗನ ಹೆಸರು ಗೋಡೆ ಮೇಲೆ ಕಂಡ್ರೆ ಅವರಮ್ಮ ಅನ್ನ ಮುಟ್ತಿರ್ಲಿಲ್ಲ.”