ಒಂದರ ಮೇಲೆ ಕೇಳಿಸಿತು

ವಿಮಾನ ನೆಲೆಯ ಪಕ್ಕದ ಚಿದ್ರಿಯ ಮನೆಗಳ ಮೇಲೆ ತರಬೇತಿ ವಿಮಾನ ಹಾದುಹೋದರೆ ಕಿಟಕಿಯ ಗಾಜು ಗಡಗಡ ಎನ್ನುತ್ತದೆ. ಗಿರಿಜಾಬಾಯಿ ಈಗೀಗ ತಲೆ ಎತ್ತುವುದು ಗಾಜು ಅದುರಿದ್ದನ್ನು ಕಂಡ ಮೇಲೆ.

ಮೆಹಕರ ಹಳ್ಳಿಯ ಅಂಗನವಾಡಿಯಲ್ಲಿ ಮೂವತ್ತು ವರ್ಷ ಸಹಾಯಕಿಯಾಗಿದ್ದವರು ಅವರು. ಗೋಡೆಯಾಚೆ ಅಳುವ ಕೂಸು ಯಾರದೆಂದು ಒಲೆಯ ಮುಂದೆ ಕೂತೇ ಹೇಳುತ್ತಿದ್ದರು. ಕಳೆದ ವಾರ ಹಾರ್ನ್ ಕೇಳದೆ ಆಟೋ ಎದುರು ಹೋಗಿಬಿಟ್ಟರು. ಆದರೂ ಡಾಕ್ಟರ ಹತ್ತಿರ ಹೋಗಲು ಒಪ್ಪಲಿಲ್ಲ.

ಮಗಳು ಸಪನಾ ಕಂಪ್ಯೂಟರ್ ಕ್ಲಾಸಿನಲ್ಲಿ ವೆಬ್ ಪುಟ ಮಾಡುವುದನ್ನು ಕಲಿಸುತ್ತಾಳೆ. ತಾಯಿಗಾಗಿ ಒಂದು ಪುಟ ಬರೆದಳು. ಗುಂಡಿ ಒತ್ತಿದಂತೆಲ್ಲ ಗಂಟೆಯ ದನಿ ಒಂದೊಂದು ಮೆಟ್ಟಿಲು ಏರುತ್ತದೆ, ಪಕ್ಕದಲ್ಲಿ ಅಂಕಿ ಮೂಡುತ್ತದೆ. ಬ್ರೌಸರಿನಲ್ಲಿ ದನಿಯ ಅಳತೆ ಸೊನ್ನೆಯಿಂದ ಒಂದರವರೆಗೆ ಮಾತ್ರ. ಸೊನ್ನೆ ಎಂದರೆ ಮೌನ, ಒಂದು ಎಂದರೆ ಪೂರ್ತಿ, ನಡುವೆ ಬರೀ ದಶಾಂಶ. ಕಲಿಯುವಾಗ ಅವಳೂ ಒಮ್ಮೆ ಐವತ್ತು ಎಂದು ಬರೆದು ಪುಟ ಕೆಡಿಸಿಕೊಂಡಿದ್ದಳು.

"ಕೇಳಿಸಿದ ಕೂಡಲೇ ಕೈ ಎತ್ತು. ಡಾಕ್ಟರ ಹಂತ್ಯಾಕ ಹೋಗೂದೋ ಬ್ಯಾಡೋ, ಇದು ಹೇಳಿದಂಗ."

"ಆಯ್ತು, ಮಾತು ಕೊಟ್ಟೇನಿ."

ಗಂಟೆ ಬಾರಿಸುವ ಮೊದಲೇ ಗಿರಿಜಾಬಾಯಿ ಕೈ ಎತ್ತಿದರು. ಅವರ ಕಣ್ಣು ಮಗಳ ಬೆರಳ ಮೇಲಿತ್ತು.

"ಚಾಲಾಕಿ ಬ್ಯಾಡವ್ವಾ. ಗೋಡಿ ಕಡಿ ಮಾರಿ ಮಾಡು."

ಸಪನಾ ಒತ್ತಿದಳು, ಮತ್ತೆ ಒತ್ತಿದಳು. ಕೊನೆಗೆ ಕೈ ಮೇಲೆದ್ದಿತು. ಗಿರಿಜಾಬಾಯಿ ತಿರುಗಿ ಪರದೆ ನೋಡಿದರು. ಅಲ್ಲಿ ಒಂದು ಎಂದಿತ್ತು.

"ನೋಡು, ಒಂದರ ಮ್ಯಾಲೇ ಕೇಳಸ್ತು! ಒಂದಕ್ಕಿಟ್ರ ನಮ್ಮ ಫ್ಯಾನೂ ತಿರುಗಂಗಿಲ್ಲ, ನನಗ ಕೇಳಸ್ತದ!"

ಬಾಗಿಲಲ್ಲಿ ಪಕ್ಕದ ಮನೆಯ ಫರ್ಹೀನ ನಿಂತಿದ್ದಳು. "ಹಂಗಾದ್ರ ಮೌಶಿ, ನಾ ನಿನ್ನಿ ಹತ್ತು ಸರ್ತಿ ಬಾಗಿಲಾ ಬಡದಿದ್ದು ಯಾಕ ಕೇಳಸಲಿಲ್ಲ?"

"ನೀ ಮೆತ್ತಗ ಬಡೀತಿ!" ಗಿರಿಜಾಬಾಯಿ ನಕ್ಕರು.

ಎಷ್ಟೋ ದಿನಗಳ ಮೇಲೆ ತಾಯಿ ಹೀಗೆ ನಕ್ಕಿದ್ದರು. ಸಪನಾ ಸುಮ್ಮನಿರಬಹುದಿತ್ತು. ಆದರೆ ಎದ್ದು ಬಂದು ತಾಯಿಯ ಎದುರು ಕೂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು:

"ಅವ್ವಾ, ಇದು ಫ್ಯಾನಿನ ಒಂದಲ್ಲ. ಇದರಾಗ ಒಂದಂದ್ರ ಪೂರಾ. ಅದರ ಮ್ಯಾಲ ಇಲ್ಲ."

"ಪೂರಾ?"

"ಪೂರಾ."

ಗಿರಿಜಾಬಾಯಿ ಆ ಅಂಕಿಯನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ಚಪ್ಪಲಿ ಮೆಟ್ಟಿದರು.

"ನಡಿ ಮತ್ತ. ಡಾಕ್ಟರ ಮುಂದ ನೀ ಬಾಯಿ ಹಾಕಬ್ಯಾಡ. ಅವ್ರ ಮಾತು ಕೇಳಸದಿದ್ರ ಇನ್ನೊಮ್ಮಿ ಹೇಳ್ರಿ ಅಂತ ನಾನೇ ಅಂತೇನಿ. ಕಿವಿಗಿ ಮಶೀನ್ ಹಾಕ್ಕೋ ಅಂದ್ರೂ ಹಾಕ್ಕೋತೇನಿ."

ಮಾತು ಮುಗಿಸುತ್ತಲೇ ಅವರು ಗಲ್ಲಿ ತಿರುಗಿದರು; ಸಪನಾ ಬಾಗಿಲು ಎಳೆದುಕೊಂಡು ಹಿಂದೆ ಓಡಿದಳು.